ಕಾರ್ ಕೀ ಬ್ಯಾಟರಿ ಮನೆಯಲ್ಲೇ ಹಾಕಬಹುದಾ? ಪ್ರೋಗ್ರಾಮಿಂಗ್ ಬೇಕು ಅಂತಿದ್ದಾರೆ

ಶಿರಾಗೇಟ್_ಸವಾರ

ನಮಸ್ಕಾರ. ನಮ್ಮದು ಸಣ್ಣ ಹ್ಯಾಚ್‌ಬ್ಯಾಕ್, ಮಡಚುವ ಕೀ. ಮೊದಲು ಮನೆ ಬಾಗಿಲಲ್ಲಿ ನಿಂತು ಒತ್ತಿದರೂ ಲಾಕ್ ಆಗುತ್ತಿತ್ತು. ಈಗ ಕಾರಿನ ಪಕ್ಕಕ್ಕೇ ಹೋಗಿ ಎರಡು ಮೂರು ಸಲ ಒತ್ತಬೇಕು, ಕೀ ಮೇಲಿನ ಲೈಟೂ ಮಂಕಾಗಿದೆ. ಸರ್ವಿಸ್ ಸೆಂಟರಲ್ಲಿ ಕೇಳಿದೆ. ಬ್ಯಾಟರಿ ಹಾಕಿದ ಮೇಲೆ ಪ್ರೋಗ್ರಾಮಿಂಗ್ ಮಾಡಬೇಕು, ಗಾಡಿ ಬಿಟ್ಟು ಹೋಗಿ ಅಂದರು. ಒಂದು ಬಿಲ್ಲೆ ಬ್ಯಾಟರಿಗೆ ಗಾಡಿ ಯಾಕೆ ಬಿಡಬೇಕು? ಭಾನುವಾರ ಮನೆಯವರನ್ನೆಲ್ಲ ಕರೆದುಕೊಂಡು ದೇವರಾಯನದುರ್ಗಕ್ಕೆ ಹೋಗುವ ಪ್ಲಾನ್ ಇದೆ. ಬೆಟ್ಟದ ಮೇಲೆ ಕೀ ಪೂರ್ತಿ ಕೈಕೊಟ್ಟರೆ ಕಾರ್ ಸ್ಟಾರ್ಟ್ ಆಗುತ್ತಾ ಇಲ್ವಾ, ಅದನ್ನೂ ಹೇಳಿ.

ಮಲ್ಟಿಮೀಟರ್_ಮಾವ

ಆರಾಮಾಗಿ ಹೋಗಿ ಬನ್ನಿ, ಕಾರ್ ಸ್ಟಾರ್ಟ್ ಆಗುತ್ತೆ. ನಿಮ್ಮ ಕೀಯಲ್ಲಿ ಎರಡು ಬೇರೆ ಬೇರೆ ಕೆಲಸ ನಡೆಯುತ್ತೆ. ಡೋರ್ ಲಾಕ್ ಮಾಡುವ ರಿಮೋಟಿಗೆ ಬ್ಯಾಟರಿ ಬೇಕು. ಇಂಜಿನ್ ಸ್ಟಾರ್ಟ್ ಮಾಡಲು ಗಾಡಿ ಗುರುತು ಹಿಡಿಯೋದು ಇಮೊಬಿಲೈಸರ್ ಚಿಪ್, ಅದಕ್ಕೆ ಬ್ಯಾಟರಿಯ ಹಂಗಿಲ್ಲ. ಇಗ್ನಿಷನ್ ಸುತ್ತ ಇರುವ ಕಾಯಿಲ್‌ನಿಂದಲೇ ಅದಕ್ಕೆ ಬೇಕಾದಷ್ಟು ಕರೆಂಟ್ ಸಿಗುತ್ತೆ. ರಿಮೋಟ್ ಸತ್ತರೆ ಕೀಯನ್ನು ಡೋರಿಗೆ ಹಾಕಿ ತಿರುಗಿಸಿ. ಕೆಲವು ಗಾಡಿಗಳಲ್ಲಿ ರಿಮೋಟಲ್ಲಿ ಲಾಕ್ ಮಾಡಿ ಕೀ ಹಾಕಿ ತೆಗೆದರೆ ಅಲಾರಂ ಕಿರುಚುತ್ತೆ, ಗಾಬರಿ ಬೇಡ, ಒಳಗೆ ಕೂತು ಇಗ್ನಿಷನ್ ಆನ್ ಮಾಡಿದರೆ ಸುಮ್ಮನಾಗುತ್ತೆ.

ಪ್ರೋಗ್ರಾಮಿಂಗ್ ಮಾತು ಬಹುಪಾಲು ಗಾಡಿಗಳಿಗೆ ಸುಮ್ನೆ ಹೆದರಿಸೋದು. ಗಾಡಿ ಕೀಯನ್ನು ಗುರುತು ಹಿಡಿಯುವ ಕೋಡ್ ಇರೋದು ಕರೆಂಟ್ ಹೋದರೂ ಅಳಿಯದ ಮೆಮೊರಿಯಲ್ಲಿ, ಬ್ಯಾಟರಿ ತೆಗೆದ ಮಾತ್ರಕ್ಕೆ ಅದೇನೂ ಮರೆತುಹೋಗಲ್ಲ. ಕೆಲವು ಮಾಡೆಲ್‌ಗಳಲ್ಲಿ ಮಾತ್ರ ಮತ್ತೆ ಹೊಂದಿಸಬೇಕಾಗುತ್ತೆ. ಅದು ಹೇಗೆ ಅಂತ ಓನರ್ ಮ್ಯಾನುಯಲ್‌ನಲ್ಲಿ ಇರುತ್ತೆ, ಸಾಮಾನ್ಯವಾಗಿ ಕೀ ಆನ್ ಮಾಡಿ ಬಟನ್ ಒತ್ತಿ ಹಿಡಿಯುವಂಥದ್ದು ಏನೋ. ಹೊಸ ಕೀ ಮಾಡಿಸಿದರೆ ಪ್ರೋಗ್ರಾಮಿಂಗ್ ನಿಜವಾಗಿಯೂ ಬೇಕು, ಅದು ಬೇರೆ ವಿಷಯ.

ಅಂಗಡಿಗೆ ಹೋಗುವ ಮುಂಚೆ ಕೀ ಬಿಚ್ಚಿ ಹಳೇ ಬ್ಯಾಟರಿ ಮೇಲಿನ ನಂಬರ್ ನೋಡಿ. ಸಿಆರ್2032 ಅಂದರೆ 20 ಮಿಮೀ ಅಗಲ, 3.2 ಮಿಮೀ ದಪ್ಪ. ಸಿಆರ್1620 ಅಂದರೆ 16 ಮಿಮೀ ಅಗಲ, 2 ಮಿಮೀ ದಪ್ಪ. ಎಲ್ಲವೂ 3 ವೋಲ್ಟೇ. ಅದಕ್ಕೇ ಅಂಗಡಿಯವರು '2032 ಇಲ್ಲ, 2025 ಹಾಕ್ಕೊಳ್ಳಿ, ಎರಡೂ ಒಂದೇ' ಅಂತಾರೆ. ಹಾಕಬೇಡಿ. 2025 ತೆಳ್ಳಗಿರುತ್ತೆ, ಒಳಗೆ ಸಡಿಲ ಆಗಿ ಕೀ ಕೆಳಗೆ ಬಿದ್ದಾಗಲೆಲ್ಲ ಕಾಂಟ್ಯಾಕ್ಟ್ ತಪ್ಪುತ್ತೆ. ಎಲ್‌ಐಆರ್2032 ಅಂತ ಒಂದು ಬರುತ್ತೆ, ಅದು ಚಾರ್ಜ್ ಮಾಡುವಂಥದ್ದು, ವೋಲ್ಟೇಜ್ ಜಾಸ್ತಿ, ಅದೂ ಬೇಡ. ಒಳ್ಳೆ ಬ್ರ್ಯಾಂಡಿನದ್ದು ಪ್ಯಾಕೆಟ್ ಸಮೇತ ತಗೊಳ್ಳಿ, ಡೇಟ್ ನೋಡಿ. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತೆ. ನೂರು ರೂಪಾಯಿ ಒಳಗೇ ಆಗುತ್ತೆ.

ಗುಬ್ಬಿಗೇಟ್_ಗ್ಯಾರೇಜ್

ಮಾವ ಹೇಳಿದ್ದೆಲ್ಲ ಸರಿ. ಆದರೆ ಮಡಚುವ ಕೀ ಬಿಚ್ಚುವಾಗ ಒಂದು ವಿಷಯ ಗಮನ ಇರಲಿ, ನಮ್ಮ ಹತ್ತಿರ ಬರುವ 'ಬ್ಯಾಟರಿ ಹಾಕಿದ ಮೇಲೆ ಗಾಡಿ ಸ್ಟಾರ್ಟೇ ಆಗ್ತಿಲ್ಲ' ಕೇಸುಗಳಲ್ಲಿ ಜಾಸ್ತಿ ಇದೇ ಇರುತ್ತೆ. ಕೆಲವು ಕೀಗಳಲ್ಲಿ ಆ ಇಮೊಬಿಲೈಸರ್ ಚಿಪ್ ಬೋರ್ಡಿಗೆ ಅಂಟಿರಲ್ಲ. ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದು, ಕಪ್ಪು ತುಂಡೋ ಗಾಜಿನ ಕೊಳವೆಯೋ ಆಗಿ ಕವರಿನ ಒಂದು ಮೂಲೆಯಲ್ಲಿ ಕೂತಿರುತ್ತೆ. ಕವರ್ ತೆಗೆದು ಜಾಡಿಸಿದರೆ ಅದು ಸೋಫಾ ಕೆಳಗೆ ಹೋಗಿರುತ್ತೆ, ಕಸ ಅಂತ ಗುಡಿಸಿಯೂ ಬಿಡ್ತಾರೆ. ಆಮೇಲೆ ರಿಮೋಟ್ ಚೆನ್ನಾಗಿ ಕೆಲಸ ಮಾಡುತ್ತೆ, ಇಂಜಿನ್ ಮಾತ್ರ ಹತ್ತಲ್ಲ. ಹೊಸ ಕವರ್ ಹಾಕಿಸುವಾಗಲೂ ಹೀಗೇ, ಚಿಪ್ ಹಳೇ ಕವರಲ್ಲೇ ಉಳಿದುಹೋಗುತ್ತೆ. ಟೇಬಲ್ ಮೇಲೆ ಬಿಳಿ ಬಟ್ಟೆ ಹಾಸಿಕೊಂಡು ಬಿಚ್ಚಿ.

ಇನ್ನೊಂದು, ಬ್ಲೇಡ್ ಮಡಚುವ ಜಾಗದ ಸ್ಕ್ರೂ ಮುಟ್ಟಬೇಡಿ, ಸ್ಪ್ರಿಂಗ್ ಹಾರಿಹೋಗುತ್ತೆ. ಅಂಚಿನಲ್ಲಿ ಸಣ್ಣ ಸಂದು ಇರುತ್ತೆ, ಅಲ್ಲಿ ಹಳೇ ಎಟಿಎಂ ಕಾರ್ಡ್ ತೂರಿಸಿ ಮೆಲ್ಲಗೆ ತಿರುಗಿಸಿದರೆ ಸಾಕು. ಬ್ಯಾಟರಿ ತೆಗೆಯುವ ಮುಂಚೆ ಮೊಬೈಲಲ್ಲಿ ಒಂದು ಫೋಟೋ ಹೊಡೆದುಕೊಳ್ಳಿ, ಪ್ಲಸ್ ಮೇಲಿತ್ತಾ ಕೆಳಗಿತ್ತಾ ಅಂತ ಆಮೇಲೆ ಒದ್ದಾಡಬೇಕಿಲ್ಲ.

ಕ್ಯಾತ್ಸಂದ್ರ_ತಟ್ಟೆ

ನಮ್ಮದು ಪುಶ್ ಬಟನ್ ಗಾಡಿ, ಕೀ ಜೇಬಲ್ಲೇ ಇರುತ್ತೆ. ಅದರ ಬ್ಯಾಟರಿ ಪೂರ್ತಿ ಸತ್ತರೆ ಏನು ಗತಿ? ಕೀ ಹಾಕೋಕೆ ತೂತೇ ಇಲ್ವಲ್ಲ.

ಮಲ್ಟಿಮೀಟರ್_ಮಾವ

ಫಾಬ್, ಅಂದರೆ ನಿಮ್ಮ ಜೇಬಲ್ಲಿರುವ ಆ ರಿಮೋಟ್ ಕೀ, ಅದರ ಒಳಗೆ ಒಂದು ಲೋಹದ ಕೀ ಅಡಗಿರುತ್ತೆ, ಪಕ್ಕದ ಗುಂಡಿ ಒತ್ತಿ ಎಳೆದರೆ ಬರುತ್ತೆ, ಅದರಲ್ಲಿ ಡೋರ್ ತೆಗೆಯಿರಿ. ಹ್ಯಾಂಡಲ್ ಮೇಲೆ ತೂತು ಕಾಣದಿದ್ದರೆ ಸಣ್ಣ ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ಹುಡುಕಿ. ಒಳಗೆ ಕೂತು ಫಾಬನ್ನು ಸ್ಟಾರ್ಟ್ ಬಟನ್‌ಗೆ ತಾಗಿಸಿ, ಬ್ರೇಕ್ ಒತ್ತಿ, ಮ್ಯಾನುಯಲ್ ಗೇರ್ ಆದರೆ ಕ್ಲಚ್ ಒತ್ತಿ, ಸ್ಟಾರ್ಟ್ ಮಾಡಿ. ಬಹಳ ಗಾಡಿಗಳಲ್ಲಿ ಇದು ನಡೆಯುತ್ತೆ. ಕೆಲವದರಲ್ಲಿ ಕೀ ಇಡುವ ಜಾಗ ಬೇರೆ ಕಡೆ ಇರುತ್ತೆ, ಮ್ಯಾನುಯಲ್ ನೋಡಿಕೊಳ್ಳಿ. ಈ ಥರದ ಫಾಬ್‌ಗಳನ್ನು ಕಾರಿಗೆ ಅಂಟಿದ ಗೋಡೆಯ ಮೊಳೆಗೆ ನೇತುಹಾಕಬೇಡಿ. ಕೆಲವು ಗಾಡಿಗಳು ಕೀ ಹತ್ತಿರ ಇದೆಯಾ ಅಂತ ಆಗಾಗ ಕರೆಯುತ್ತಲೇ ಇರುತ್ತವೆ, ಫಾಬ್ ಉತ್ತರ ಕೊಟ್ಟೂ ಕೊಟ್ಟೂ ಬ್ಯಾಟರಿ ಬೇಗ ಖಾಲಿ.

ಅಮ್ಮನ_ಟೂಲ್‌ಬಾಕ್ಸ್

ಯಾರೂ ಹೇಳಲಿಲ್ಲ, ನಾನು ಹೇಳ್ತೀನಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಹಳೇ ಬ್ಯಾಟರಿಯನ್ನು ಟೇಬಲ್ ಮೇಲೆ ಬಿಡಬೇಡಿ. ನುಂಗಿದರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡೇ ಗಂಟೆಯಲ್ಲಿ ಸುಟ್ಟುಬಿಡುತ್ತೆ. 'ಖಾಲಿ' ಬ್ಯಾಟರಿಯಲ್ಲೂ ಅಷ್ಟು ಶಕ್ತಿ ಉಳಿದಿರುತ್ತೆ. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸೋಕೆ ಹೋಗದೆ ಸೀದಾ ಆಸ್ಪತ್ರೆಗೆ ಓಡಿ. ಹಳೇದಕ್ಕೆ ಎರಡೂ ಕಡೆ ಟೇಪ್ ಸುತ್ತಿ ಇ-ವೇಸ್ಟಿಗೆ ಕೊಡಿ.

ಶಿರಾಗೇಟ್_ಸವಾರ

ಎಲ್ಲರಿಗೂ ಥ್ಯಾಂಕ್ಸ್. ಬಿಚ್ಚಿ ನೋಡಿದೆ, 1620 ಇದೆ. ಚಿಪ್ಪೂ ಕಾಣಿಸಿತು, ಮೂಲೆಯಲ್ಲಿ ಕಪ್ಪಗಿದೆ, ಅಲ್ಲಾಡಿಸಿಲ್ಲ. ಹೊಸ ಬ್ಯಾಟರಿ ಹಾಕಿದೆ, ಲೈಟ್ ಜೋರಾಗಿ ಬರ್ತಿದೆ, ಆದರೆ ದೂರದಿಂದ ಇನ್ನೂ ಕೆಲವೊಮ್ಮೆ ತಗೊಳ್ಳಲ್ಲ. ಈಗೇನು?

ಗುಬ್ಬಿಗೇಟ್_ಗ್ಯಾರೇಜ್

ಬ್ಯಾಟರಿ ಕೂರುವ ತಗಡಿನ ನಾಲಿಗೆಯನ್ನು ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ. ಚಪ್ಪಟೆಯಾಗಿದ್ದರೆ ಕೂದಲೆಳೆಯಷ್ಟು ಮೇಲೆತ್ತಿ. ಆಗಲೂ ಹಾಗೇ ಇದ್ದರೆ ಇನ್ನೊಂದು ಕೀ ತೆಗೆದುಕೊಂಡು ಅದೇ ಜಾಗದಲ್ಲಿ ನಿಂತು ಒತ್ತಿ. ಅದು ಸರಿಯಾಗಿ ತಗೊಂಡರೆ ತೊಂದರೆ ಈ ಕೀ ಬೋರ್ಡಿನಲ್ಲೇ, ಬಟನ್ ಸವೆದಿರಬಹುದು. ಎರಡೂ ತಗೊಳ್ಳದಿದ್ದರೆ ಕೀ ಬಿಡಿ, ಕಾರಿನ ಕಡೆ ನೋಡಬೇಕು. ಗಾಡಿ ತಂದರೆ ನೋಡೋಣ, ಬಿಟ್ಟು ಹೋಗೋದೇನೂ ಬೇಡ.