ಮಗಳಿಗೆ ಭೂಗೋಳ ಓದಬೇಕಂತೆ, ಓದಿದವರು ಅನುಭವ ಹೇಳಿ

ಪೆರ್ಲದ ಅಪ್ಪ:
ನಮ್ಮದು ಕೇರಳದ ಕಾಸರಗೋಡು ಜಿಲ್ಲೆ. ಮಗಳು ಕನ್ನಡ ಮಾಧ್ಯಮದಲ್ಲಿ ಪ್ಲಸ್ ಟು ಮುಗಿಸಿದಳು. ಭೂಗೋಳದಲ್ಲಿ ಬಿಎ ಮಾಡಬೇಕಂತೆ. ನಾಲ್ಕೈದು ದೇಶಗಳೇ ಯಾಕೆ ಎಲ್ಲವನ್ನೂ ತೀರ್ಮಾನ ಮಾಡುತ್ತವೆ ಅಂತ ಅವಳಿಗೆ ತಿಳಿಯಬೇಕು. ಕೇರಳದಲ್ಲೇ ಸೇರಿಸುವುದಾ, ಕರ್ನಾಟಕಕ್ಕೆ ಕಳಿಸುವುದಾ?

ಕುಂಬಳೆಯವಳು:
ನಾನು ಕೇರಳದಲ್ಲೇ ಓದಿದೆ. ಮೊದಲ ಆರು ತಿಂಗಳು ಅತ್ತದ್ದೇ ಜಾಸ್ತಿ. ಪುಸ್ತಕ ಇಂಗ್ಲಿಷ್, ವಿವರಣೆ ಮಲಯಾಳ. ಹಾಸ್ಟೆಲ್ ಸಿಗಲಿಲ್ಲ, ಪಿಜಿಗೆ ತಿಂಗಳಿಗೆ 4,500 ಕೊಟ್ಟೆ, ಊಟ ಬೇರೆ. ಪ್ರಾಕ್ಟಿಕಲ್ ರೆಕಾರ್ಡಿನ ಒಂದೇ ನಕ್ಷೆಗೆ ಮೂರು ಶೀಟ್ ಹೋಯಿತು, ಮೂರರಲ್ಲೂ ಶಾಯಿ ಹರಡಿತು. ಒಂದು ಪೇಪರ್ ಫೇಲ್. ಆದರೆ ಒಂದು ಸಂಜೆ ಗ್ಲೋಬಿನ ಮೇಲೆ ಬಟರ್ ಪೇಪರ್ ಹಿಡಿದು ಗ್ರೀನ್‌ಲ್ಯಾಂಡ್ ಗೀಚಿ, ಕತ್ತರಿಸಿ, ಆಫ್ರಿಕಾದ ಮೇಲೆ ಇಟ್ಟೆ. ಹೆಚ್ಚುಕಡಿಮೆ ಡಿ.ಆರ್. ಕಾಂಗೋ ದೇಶ ಒಂದರಷ್ಟೇ ಇತ್ತು! ಶಾಲೆಯ ಗೋಡೆಯಲ್ಲಿದ್ದ ಮರ್ಕೇಟರ್ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಇಡೀ ಆಫ್ರಿಕಾದಷ್ಟು ಕಾಣುತ್ತಿತ್ತು. ನಿಜದಲ್ಲಿ ಆಫ್ರಿಕಾ ಅದರ 14 ಪಾಲು. ಹತ್ತು ವರ್ಷ ಆ ಸುಳ್ಳು ನೋಡಿಕೊಂಡೇ ಬೆಳೆದೆನಲ್ಲ ಅಂತ ಹೊಟ್ಟೆ ಉರಿಯಿತು.

ಬದಿಯಡ್ಕದ ಮಾಷ್ಟ್ರು:
ಸುಳ್ಳು ಅನ್ನಬೇಡಮ್ಮ. 1569ರಲ್ಲಿ ಮರ್ಕೇಟರ್ ಅದನ್ನು ಮಾಡಿದ್ದು ಹಡಗಿನವರಿಗೆ, ದಿಕ್ಕು ತಪ್ಪದಿರಲಿ ಅಂತ. ಶಾಲೆಯ ಗೋಡೆಗೆ ಹಾಕಿದವರದ್ದು ತಪ್ಪು. ಜರ್ಮನಿಯ ಪೀಟರ್ಸ್ 1973ರಲ್ಲಿ ತೋರಿಸಿದ ನಕ್ಷೆಯಲ್ಲಿ ವಿಸ್ತೀರ್ಣ ಸರಿ ಇದೆ, ಆಕಾರ ಜಗ್ಗಿದ ಹಾಗಿದೆ. ನಾನು ಮೈಸೂರಿನಲ್ಲಿ ಓದಿದವನು. ಪಾಠ ಚೆನ್ನಾಗಿತ್ತು. ಕಷ್ಟ ಶುರುವಾದದ್ದು ಊರಿಗೆ ಬಂದ ಮೇಲೆ. ಆಗ ಇಲ್ಲಿ ಕೆಲಸಕ್ಕೆ, ಹೊರಗಿನ ಡಿಗ್ರಿ ಇಲ್ಲಿಯದಕ್ಕೆ ಸಮ ಅನ್ನುವ ಈಕ್ವಿವೇಲೆನ್ಸಿ ಸರ್ಟಿಫಿಕೇಟ್ ಬೇಕಿತ್ತು. ಎಂಟು ತಿಂಗಳು, ಏಳು ಓಡಾಟ. ಸಿಲೆಬಸ್ಸಿನ ಪ್ರತಿ ಹಾಳೆಗೂ ಸೀಲ್ ಹಾಕಿಸಿ ತನ್ನಿ ಅಂದರು. ತಂದೆ. ಸೀಲ್ ಮಸುಕಾಗಿದೆ ಅಂತ ವಾಪಸ್ ಕಳಿಸಿದರು. ಅಷ್ಟರಲ್ಲಿ ಕೆಲಸಕ್ಕೆ ಆಯ್ಕೆಯಾದವರ ರ‍್ಯಾಂಕ್ ಲಿಸ್ಟಿನ ಅವಧಿಯೇ ಮುಗಿಯಿತು.

ಮಂಜೇಶ್ವರದಿಂದ:
ಡಿಗ್ರಿಯೇ ಯಾಕೆ ಬೇಕು? ಅಮ್ಮ ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದರು. ಗೋಣಿಯ ಮೇಲೆ ಐವರಿ ಕೋಸ್ಟ್, ತಾಂಜಾನಿಯಾ ಅಂತ ಅಚ್ಚು ಇರುತ್ತಿತ್ತು. ಸಿಪ್ಪೆಯ ಎಣ್ಣೆ ತಾಗಿ ಅವರ ಬೆರಳು ಇವತ್ತಿಗೂ ಕಪ್ಪು. ಜಗತ್ತಿನಲ್ಲೇ ಅತಿ ಹೆಚ್ಚು ಗೇರುಬೀಜ ಬೆಳೆಯುವುದು ಐವರಿ ಕೋಸ್ಟ್. ಅದರ ಹೆಚ್ಚಿನ ಪಾಲು ಒಡೆಯದೆಯೇ ಭಾರತಕ್ಕೆ, ವಿಯೆಟ್ನಾಂಗೆ ಬರುತ್ತದೆ. ಬೆಳೆದವನಿಗೂ ಒಡೆದವಳಿಗೂ ಎಷ್ಟು ಸಿಕ್ಕಿತು, ಅಂಗಡಿಯ ಡಬ್ಬಕ್ಕೆ ಎಷ್ಟು ಬೆಲೆ? ನಾನು ಭೂಗೋಳ ಕಲಿತದ್ದು ಆ ಗೋಣಿಯಿಂದ.

ಬದಿಯಡ್ಕದ ಮಾಷ್ಟ್ರು:
ಗೋಣಿ ನೋಡಿದರೆ ಪ್ರಶ್ನೆ ಹುಟ್ಟುತ್ತದೆ. ಉತ್ತರಕ್ಕೆ ಓದಬೇಕು. ದೇಶಗಳಿಗೆ ಸಾಲ ಕೊಡುವ ಅಂತಾರಾಷ್ಟ್ರೀಯ ಹಣಕಾಸು ನಿಧಿ, ಅಂದರೆ ಐಎಂಎಫ್‌ನಲ್ಲಿ ದೊಡ್ಡ ತೀರ್ಮಾನಗಳಿಗೆ ಶೇ. 85 ಮತ ಬೇಕು. ಅಮೆರಿಕದ ಕೈಯಲ್ಲೇ ಶೇ. 16ಕ್ಕಿಂತ ಜಾಸ್ತಿ ಇದೆ. ಅದೊಂದು ಬೇಡ ಅಂದರೆ ಮುಗಿಯಿತು. ಇದು ಗೋಣಿಯ ಮೇಲೆ ಬರೆದಿರುತ್ತದಾ?

ಮಂಜೇಶ್ವರದಿಂದ:
ಅಮ್ಮನ ಬೆರಳು ನೋಡದವರು ಹೀಗೇ ಮಾತಾಡುವುದು ಮಾಷ್ಟ್ರೆ.

ಉಪ್ಪಳದ ಹುಡುಗ:
ದೂರದ ಐಎಂಎಫ್ ಯಾಕೆ? 1884-85ರಲ್ಲಿ ಯುರೋಪಿನವರು ಬರ್ಲಿನ್‌ನಲ್ಲಿ ಕೂತು ಆಫ್ರಿಕಾಕ್ಕೆ ಗೆರೆ ಎಳೆದರು. ನಮಗೆ 1956ರ ನವೆಂಬರ್ 1ಕ್ಕೆ, ಕಾಸರಗೋಡನ್ನು ಕೇರಳಕ್ಕೆ ಸೇರಿಸಿ ಎಳೆದರು. ಎರಡೂ ಒಂದೇ.

ಕುಂಬಳೆಯವಳು:
ಒಂದೇ ಅಲ್ಲ! ಬರ್ಲಿನ್‌ನಲ್ಲಿ ಆಫ್ರಿಕಾದವರು ಒಬ್ಬರೂ ಕೂತಿರಲಿಲ್ಲ. ನಮ್ಮವರಿಗೆ ಅರ್ಜಿ ಕೊಡಲಿಕ್ಕಾದರೂ ಜಾಗ ಇತ್ತು. ಓಟು ಇತ್ತು.

ಉಪ್ಪಳದ ಹುಡುಗ:
ಅರ್ಜಿ ಕೊಟ್ಟು ಏನು ಸಿಕ್ಕಿತು ಅಕ್ಕ? ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ, ಗಡಿ ಜಗಳಕ್ಕೆ ಕೇಂದ್ರ ನೇಮಿಸಿದ ಮಹಾಜನ್ ಆಯೋಗ 1967ರಲ್ಲೇ ಹೇಳಿತು. ಸೇರಿತಾ? ನನ್ನ ಅಜ್ಜ ಆ ವರದಿಯ ಪೇಪರ್ ಕಟಿಂಗನ್ನು ಸಾಯುವವರೆಗೆ ಪೆಟ್ಟಿಗೆಯಲ್ಲಿಟ್ಟಿದ್ದರು.

ಬದಿಯಡ್ಕದ ಮಾಷ್ಟ್ರು:
ಬರ್ಲಿನ್‌ನಲ್ಲಿ ಎಲ್ಲ ಗೆರೆಯನ್ನೂ ಎಳೆಯಲಿಲ್ಲ. ಹಂಚಿಕೊಳ್ಳುವುದಕ್ಕೆ ನಿಯಮ ಮಾಡಿಕೊಂಡರು. ಹೆಚ್ಚಿನ ಗೆರೆಗಳು ಬಂದದ್ದು ಆಮೇಲೆ. ಸರಿಯಾಗಿ ಓದಿ ಮಾತಾಡು.

ಉಪ್ಪಳದ ಹುಡುಗ:
ಓದಿಯೇ ಹೇಳಿದ್ದು. ಎಲ್ಲದಕ್ಕೂ ತಪ್ಪು ತಿದ್ದಲಿಕ್ಕೆ ಇದು ನಿಮ್ಮ ಕ್ಲಾಸ್ ಅಲ್ಲ.

ಪೆರ್ಲದ ಅಪ್ಪ:
ಬಟರ್ ಪೇಪರ್ ಸಂಗತಿ ಓದಿ ಮಗಳು ಆಗಲೇ ಕತ್ತರಿ ಹಿಡಿದು ಕೂತಿದ್ದಾಳೆ, ಮನೆಯಲ್ಲಿ ಗ್ಲೋಬ್ ಇಲ್ಲ. ಮಾಷ್ಟ್ರೆ, ನಿಮ್ಮಲ್ಲಿ ಉಂಟಾ? ಭಾನುವಾರ ಅವಳನ್ನು ಕರೆದುಕೊಂಡು ಬರುತ್ತೇನೆ. ಆ ಸರ್ಟಿಫಿಕೇಟಿಗೆ ಏನೇನು ಕಾಗದ ಕೇಳಿದರು, ದಯವಿಟ್ಟು ಅದನ್ನೂ ಬರೆದಿಡಿ.