ಅಪ್‌ಡೇಟ್: ರಿಪೀಟರ್‌ಗಳಿಗೆ ಕೊನೆಗೂ ಹೆಸರಿಟ್ಟೆ
ನನ್ನ ಹ್ಯಾಮ್ (ಹವ್ಯಾಸಿ ರೇಡಿಯೋ) ಸೆಟ್‌ನ ರಿಪೀಟರ್ (ಸಿಗ್ನಲ್ ಹಿಡಿದು ದೂರಕ್ಕೆ ಮರುಪ್ರಸಾರ ಮಾಡುವ ಕೇಂದ್ರ) ಚಾನೆಲ್‌ಗಳಿಗೆ ಕಾಲ್‌ಸೈನ್ (ಕೇಂದ್ರದ ಗುರುತಿನ ಸಂಕೇತ) ಇಡಲೋ, ಊರಿನ ಹೆಸರಿಡಲೋ ಎಂದು ಕೇಳಿದ್ದೆ. ಊರಿನ ಹೆಸರೇ ಗೆದ್ದಿತು. ಕಾಲ್‌ಸೈನ್ ನೋಡಿದರೆ ರಿಪೀಟರ್ ಯಾವ ದಿಕ್ಕಿನಲ್ಲಿದೆ ಅಂತ ತಕ್ಷಣ ಹೊಳೆಯುವುದಿಲ್ಲ, ಅಲ್ವಾ?

ಹೆಸರಿಗೆ ಸಿಗುವುದು 7 ಅಕ್ಷರ ಮಾತ್ರ. ಹಾಗಾಗಿ ಊರಿಗೆ 5 ಅಕ್ಷರ, ಕೊನೆಗೆ ಬ್ಯಾಂಡ್ ತೋರಿಸಲು ‘2’ (2 ಮೀಟರ್) ಅಥವಾ ‘70’ (70 ಸೆಂಟಿಮೀಟರ್) ಎಂಬ ಅಂಕಿ. ಟೋನ್ (ರಿಪೀಟರ್ ತೆರೆಯಲು ಮಾತಿನ ಜೊತೆ ಹೋಗುವ ಸ್ವರ) ಕೂಡ ಸೇರಿಸುವ ಆಸೆ ಬಿಟ್ಟೆ. ಅದು ಹೇಗೂ ಮೆಮೊರಿಯಲ್ಲಿ ಇರುತ್ತದೆ.

ಚಾನೆಲ್ ಸಂಖ್ಯೆಗಳು ಹೀಗೆ: ಮನೆ ಹತ್ತಿರದವು 1ರಿಂದ, ಉತ್ತರದ ದಾರಿಯವು 21ರಿಂದ, ದಕ್ಷಿಣದವು 41ರಿಂದ. ಮುಂದೆ ಸೇರಿಸಲು ನಡುವೆ ಖಾಲಿ ಬಿಟ್ಟಿದ್ದೇನೆ.

ಒಂದು ಎಡವಟ್ಟೂ ಆಯಿತು. ಚಿರ್ಪ್‌ನಲ್ಲಿ (ಸೆಟ್‌ಗೆ ಚಾನೆಲ್ ತುಂಬುವ ಕಂಪ್ಯೂಟರ್ ಸಾಫ್ಟ್‌ವೇರ್) ಸಾಲು ಕಾಪಿ ಮಾಡುವಾಗ, 2 ಮೀಟರ್‌ನ 600 ಕಿಲೋಹರ್ಟ್ಸ್ ಆಫ್‌ಸೆಟ್ (ಕಳಿಸುವ ಮತ್ತು ಕೇಳುವ ಫ್ರೀಕ್ವೆನ್ಸಿಗಳ ನಡುವಿನ ಅಂತರ) 70 ಸೆಂಟಿಮೀಟರ್ ಚಾನೆಲ್‌ಗೂ ಬಂದುಬಿಟ್ಟಿತ್ತು. ರಿಪೀಟರ್ ಸಿಗದೆ ಎರಡು ದಿನ ಸುಮ್ನೆ ಆಂಟೆನಾವನ್ನು ಬೈದೆ.