ವಾಷಿಂಗ್ಟನ್ನಿನ ಹೌಸ್ ಆಫ್ ದಿ ಟೆಂಪಲ್: ಸಭಾಭವನಕ್ಕೆ ಸಮಾಧಿಯ ಆಕಾರವೇಕೆ?

ಪ್ರಶ್ನೆ:
ವಾಷಿಂಗ್ಟನ್ ನಗರದ 16ನೇ ಬೀದಿಯಲ್ಲಿರುವ, ಫ್ರೀಮೇಸನ್ನರ (ಗುಪ್ತ ವಿಧಿಗಳುಳ್ಳ ಸಹೋದರ ಸಂಘದವರ) ‘ಹೌಸ್ ಆಫ್ ದಿ ಟೆಂಪಲ್’ ಎಂಬ ನವಶಾಸ್ತ್ರೀಯ ಶೈಲಿಯ ಕಟ್ಟಡದ ಚಿತ್ರಗಳನ್ನು ನಿನ್ನೆ ಬಹಳ ಹೊತ್ತು ನೋಡಿದೆ. ಎತ್ತರದ ಪೀಠ, ಅದರ ಮೇಲೆ ಸುತ್ತಲೂ ಕಂಬಗಳ ಸಾಲು, ಅದಕ್ಕೂ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುತ್ತ ಹೋಗುವ ಪಿರಮಿಡ್ಡಿನಂಥ ಚಾವಣಿ. ಇದು ಈಗಿನ ಟರ್ಕಿಯಲ್ಲಿದ್ದ ಪ್ರಾಚೀನ ನಗರ ಹ್ಯಾಲಿಕಾರ್ನಾಸಸ್‌ನಲ್ಲಿದ್ದ ದೊರೆ ಮೌಸೋಲಸನ ಸಮಾಧಿಯ ನಕಲು ಎಂದು ಓದಿದೆ. ಬದುಕಿರುವವರು ಸಭೆ ಸೇರುವ ಮನೆಗೆ ಸಮಾಧಿಯೊಂದು ಮಾದರಿಯಾದದ್ದು ಹೇಗೆ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1:
ನಕಲು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮೂಲ ಸಮಾಧಿ ಎಂದೋ ಕುಸಿದುಹೋಗಿತ್ತು. 1856ರಲ್ಲಿ ಚಾರ್ಲ್ಸ್ ನ್ಯೂಟನ್ ಆರಂಭಿಸಿದ ಉತ್ಖನನದಲ್ಲಿ ದೊರೆತ ಶಿಲ್ಪಗಳು ಬ್ರಿಟಿಷ್ ಮ್ಯೂಸಿಯಂ ಸೇರಿದ ಮೇಲೆ, ಅವುಗಳನ್ನೂ ಪ್ರಾಚೀನ ರೋಮಿನ ಲೇಖಕ ಪ್ಲಿನಿಯ ವಿವರಣೆಯನ್ನೂ ಜೋಡಿಸಿ ಅದರ ರೂಪವನ್ನು ಊಹಿಸಬೇಕಾಯಿತು. ಪ್ಲಿನಿ ಹೇಳುವುದು 36 ಕಂಬಗಳನ್ನು. ವಾಸ್ತುಶಿಲ್ಪಿ ಜಾನ್ ರಸೆಲ್ ಪೋಪ್ ಇಲ್ಲಿ ನಿಲ್ಲಿಸಿದ್ದು 33 ಅಯಾನಿಕ್ (ತಲೆಯಲ್ಲಿ ಸುರುಳಿಗಳಿರುವ ಗ್ರೀಕ್ ಶೈಲಿಯ) ಕಂಬಗಳನ್ನು, ಒಂದೊಂದೂ 33 ಅಡಿ ಎತ್ತರದವು. ಏಕೆಂದರೆ ಈ ಕಟ್ಟಡವನ್ನು ಕಟ್ಟಿಸಿದ, ಫ್ರೀಮೇಸನ್ನರದೇ ಒಂದು ಶಾಖೆಯಾದ ಸ್ಕಾಟಿಷ್ ರೈಟ್ ಪಂಥದಲ್ಲಿ 33ನೆಯದೇ ಅತ್ಯುನ್ನತ ಪದವಿ. ಮೂಲದ ಶಿಖರದಲ್ಲಿದ್ದ ನಾಲ್ಕು ಕುದುರೆಗಳ ರಥವನ್ನು ಅವರು ಕೈಬಿಟ್ಟರು. ಬಾಗಿಲಿನ ಇಕ್ಕೆಲಗಳಲ್ಲಿ ಎ. ಎ. ವೈನ್‌ಮನ್ ರೂಪಿಸಿದ ಎರಡು ಸ್ಫಿಂಕ್ಸ್‌ಗಳಿವೆ (ಮನುಷ್ಯನ ಮುಖ, ಸಿಂಹದ ಮೈಯ ಶಿಲ್ಪಗಳು): ಅರೆಮುಚ್ಚಿದ ಕಣ್ಣಿನದು ಜ್ಞಾನ, ತೆರೆದ ಕಣ್ಣಿನದು ಶಕ್ತಿ. ಆ ಎರಡು ಮುಖಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ. ರೆಪ್ಪೆಯೊಂದರಿಂದಲೇ ಇಡೀ ಮುಖಭಾವ ಬೇರೆಯಾಗಿದೆ. ಇಷ್ಟೆಲ್ಲ ಹೊಸದಾಗಿ ಯೋಚಿಸಿದವರನ್ನು ನಕಲುಗಾರ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಉತ್ತರ 2:
ಒಂದು ಸ್ಪಷ್ಟನೆ. ಇದು ಊರೂರಲ್ಲಿರುವಂಥ ಲಾಡ್ಜ್, ಅಂದರೆ ಫ್ರೀಮೇಸನ್ನರ ಸ್ಥಳೀಯ ಘಟಕ, ಅಲ್ಲ. 1801ರಲ್ಲಿ ಅಮೆರಿಕದ ಚಾರ್ಲ್ಸ್‌ಟನ್ನಿನಲ್ಲಿ ಸ್ಥಾಪನೆಯಾದ ಸ್ಕಾಟಿಷ್ ರೈಟ್ ಸುಪ್ರೀಂ ಕೌನ್ಸಿಲ್‌ನ, ಅಂದರೆ ಪಂಥದ ಆಡಳಿತ ಮಂಡಳಿಯ, ಕೇಂದ್ರಸ್ಥಾನ. ಲಾಡ್ಜ್‌ನಲ್ಲಿ ದೊರೆಯುವುದು ಮೊದಲ ಮೂರು ಪದವಿಗಳು ಮಾತ್ರ. 1911ರ ಅಕ್ಟೋಬರ್ 18ರಂದು ಶಿಲಾನ್ಯಾಸವಾಗಿ, ಸರಿಯಾಗಿ ನಾಲ್ಕು ವರ್ಷಕ್ಕೆ ಅದೇ ದಿನ ಕಟ್ಟಡ ಸಮರ್ಪಣೆಯಾಯಿತು. ಪಂಥದ ವಿಧಿಗಳನ್ನು ತಿದ್ದಿ ಬರೆದ ಆಲ್ಬರ್ಟ್ ಪೈಕ್ 1891ರಲ್ಲಿ ತೀರಿಕೊಂಡಿದ್ದರು. ಅವರ ಅವಶೇಷಗಳನ್ನು 1944ರಲ್ಲಿ ಇಲ್ಲಿಗೆ ತಂದು ಇರಿಸಿದ ಮೇಲೆ ಸಮಾಧಿಯ ಆಕಾರದ ಮನೆ ನಿಜಕ್ಕೂ ಸಮಾಧಿಯಾಯಿತು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಬೀದಿಯಿಂದ ಬಾಗಿಲಿಗೆ ಏರುವ ಮೆಟ್ಟಿಲುಗಳು 3, 5, 7, 9ರ ಗುಂಪುಗಳಲ್ಲಿವೆ, ಕೂಡಿದರೆ 24. ಮೂಲ ಸಮಾಧಿಯ ಪಿರಮಿಡ್ಡಿಗೆ ಪ್ಲಿನಿ ಹೇಳುವ ಮೆಟ್ಟಿಲುಗಳೂ 24. ಪೋಪ್ ಇದನ್ನು ಬೇಕೆಂದೇ ಹೊಂದಿಸಿದರೇ?